ಸೈಪ್ರೆಸ್‌ನ ಎಂಟನೆಯ ಮನೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ಬೇರೆಯವರು ಹೇಳುವಾಗ ನಗುತ್ತಿದ್ದವಳು ನಾನು. ನಕ್ಕು ಸುಮ್ಮನಾಗುವ ಜಾಯಮಾನವೂ ನನ್ನದಲ್ಲ. ಆಗ ಗಂಟೆ ಎಷ್ಟಾಗಿತ್ತು, ಮನೆಯಲ್ಲಿ ಇನ್ನು ಯಾರಿದ್ದರು, ಕಿಟಕಿ ಹಾಕಿತ್ತೋ ತೆಗೆದಿತ್ತೋ ಎಂದು ಪೊಲೀಸರ ಹಾಗೆ ಪ್ರಶ್ನೆ ಹಾಕಿ, ಹೇಳುವವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ಡಲ್ಲಾಸ್ ಪಕ್ಕದ ನಮ್ಮೂರು ಫ್ಲವರ್ ಮೌಂಡ್‌ನಲ್ಲಿ ಸ್ನೇಹಿತರೆಲ್ಲ ಸೇರಿದಾಗ ಯಾರಾದರೂ ದೆವ್ವದ ಮಾತು ತೆಗೆದರೆ ನನ್ನ ಗಂಡ, "ಸ್ವಲ್ಪ ತಡೀರಿ, ಇವಳು ಕಾಫಿ ತರೋಕೆ ಒಳಗೆ ಹೋಗಲಿ" ಎನ್ನುತ್ತಿದ್ದರು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನ್ನ ಅಪನಂಬಿಕೆಗೆ ನನ್ನ ಕೆಲಸವೂ ಕಾರಣ. ಇಪ್ಪತ್ತು ವರ್ಷಗಳಿಂದ ಡೇಟಾಬೇಸ್‌ಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಡೇಟಾಬೇಸ್ ಎಂದರೆ ಮತ್ತೇನಲ್ಲ, ಹೆಸರು, ವಿಳಾಸ, ತಾರೀಕು ಎಲ್ಲವನ್ನೂ ಸಾಲುಸಾಲಾಗಿ ಜೋಡಿಸಿಟ್ಟು, ಕೇಳಿದ್ದನ್ನು ಕ್ಷಣದಲ್ಲಿ ಹುಡುಕಿಕೊಡುವ ದೊಡ್ಡ ಪಟ್ಟಿ. ಅದು ಕೈಕೊಟ್ಟಾಗ ನನ್ನನ್ನು ಕರೆಯುತ್ತಾರೆ. ಕರೆದವರೆಲ್ಲ ಹೇಳುವುದು ಒಂದೇ ಮಾತು: "ನಾವೇನೂ ಮುಟ್ಟಿಲ್ಲ, ಅದಾಗಿ ಅದೇ ಹಾಳಾಯ್ತು." ಹುಡುಕುತ್ತ ಹೋದರೆ ಪ್ರತಿ ಸಲವೂ ಯಾರೋ ಮುಟ್ಟಿರುತ್ತಾರೆ. ಯಾರು ಮುಟ್ಟಿದರು, ಎಷ್ಟು ಗಂಟೆಗೆ ಎನ್ನುವುದನ್ನೂ ಡೇಟಾಬೇಸ್ ಬರೆದಿಟ್ಟುಕೊಂಡಿರುತ್ತದೆ. ಈ ಕಡೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮೂರ್ತಿ ಅಂಕಲ್ ಎಂಬುವರಿದ್ದರು. ಮೈಸೂರಿನವರು. ನನಗೆ ಸಂಬಂಧಿಕರಲ್ಲ, ಆದರೆ ನಾನು ಟೆಕ್ಸಸ್‌ಗೆ ಬಂದ ಹೊಸದರಲ್ಲಿ ಮೂರು ತಿಂಗಳು ಅವರ ಮನೆಯಲ್ಲೇ ಇದ್ದು, ಅವರ ಹೆಂಡತಿ ನಾಗರತ್ನ ಆಂಟಿಯ ಕೈಯಡುಗೆ ಉಂಡಿದ್ದೆ. ಹ್ಯೂಸ್ಟನ್‌ನಲ್ಲಿ ಜೋರು ಮಳೆ ಹಿಡಿದರೆ ಕಾರು ಓಡುವ ರಸ್ತೆಯಲ್ಲಿ ದೋಣಿ ಓಡುವುದು ಹೊಸದಲ್ಲ. ಅಂಥ ಒಂದು ನೆರೆಯಲ್ಲಿ ಅಂಕಲ್ ಪರಿಚಯದ ಹಿರಿಯರೊಬ್ಬರು ಎರಡು ದಿನ ಇನ್ಸುಲಿನ್ ಇಲ್ಲದೆ ಮಹಡಿಯ ಮೇಲೆ ಸಿಕ್ಕಿಹಾಕಿಕೊಂಡಿದ್ದರು. ಹಿಂದಿನ ರಸ್ತೆಯಲ್ಲೇ ಕನ್ನಡದ ಸಂಸಾರವೊಂದಿತ್ತು. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ.

ಆ ನೀರು ಇಳಿದ ವಾರವೇ ಅಂಕಲ್ ತಮ್ಮ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಶುರು ಮಾಡಿದರು. ಹ್ಯೂಸ್ಟನ್ ಸುತ್ತ ಯಾವ ಮನೆಯಲ್ಲಿ ವಯಸ್ಸಾದವರಿದ್ದಾರೆ, ಯಾರಿಗೆ ಆಕ್ಸಿಜನ್ ಯಂತ್ರ ಬೇಕು, ಯಾರಿಗೆ ಡ್ರೈವ್ ಮಾಡಲು ಬರುವುದಿಲ್ಲ, ಆಸ್ಟಿನ್ ಮತ್ತು ಡಲ್ಲಾಸ್‌ನಲ್ಲಿ ಯಾರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಚಂಡಮಾರುತ ಬರುತ್ತದೆ ಎಂದು ಗೊತ್ತಾದ ತಕ್ಷಣ ಇವರನ್ನು ಅವರ ಮನೆಗೆ ತಲುಪಿಸುವುದು, ಅಷ್ಟೇ ಕೆಲಸ. ಸಂಘವಿಲ್ಲ, ಪದಾಧಿಕಾರಿಗಳಿಲ್ಲ, ಹಾರ ತುರಾಯಿ ಇಲ್ಲ. ವರ್ಷಗಳು ಕಳೆದಂತೆ ಅದು ನೂರಕ್ಕೂ ಹೆಚ್ಚು ಮನೆಗಳ ಡೇಟಾಬೇಸ್ ಆಯಿತು. ಅದಕ್ಕೊಂದು ರೂಪ ಕೊಡಲು ನಾನೂ ಸ್ವಲ್ಪ ಕೈ ಹಾಕಿದ್ದೆ.

ಅಂಕಲ್‌ಗೆ ಒಂದು ನಿಯಮವಿತ್ತು. ಯಾರದೇ ಹೆಸರು ಸೇರಿಸುವ ಮುಂಚೆ ಅವರಿಗೆ ತಾವೇ ಫೋನ್ ಮಾಡಿ ಮಾತಾಡಬೇಕು. ಮಾತಿನ ಕೊನೆಗೆ ತಪ್ಪದೆ ಕೇಳುತ್ತಿದ್ದರು: ಕಾಫಿಯೋ ಟೀಯೋ, ಸಕ್ಕರೆ ಎಷ್ಟು? ಅದನ್ನೂ ಪಟ್ಟಿಯ ಕೊನೆಯ ಷರಾ ಕಾಲಮ್ಮಿನಲ್ಲಿ ಬರೆಯುತ್ತಿದ್ದರು, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ. "ಬೆಲ್ ಮೂರು ಸಲ ಒತ್ತಿ, ಕಿವಿ ಮಂದ. ಕಾಫಿ, ಅರ್ಧ ಚಮಚ." "ನಾಯಿ ಇದೆ, ಪಾಪದ್ದು. ಟೀ, ಸಕ್ಕರೆ ಬೇಡ." ಬಿರುಗಾಳಿಯಲ್ಲಿ ಸಕ್ಕರೆ ಲೆಕ್ಕ ಯಾಕೆ ಅಂಕಲ್ ಎಂದು ನಾನೊಮ್ಮೆ ಗೇಲಿ ಮಾಡಿದ್ದೆ. "ಗೊತ್ತಿಲ್ದೋರ ಮನೇಲಿ ಹೋಗಿ ಕೂತ್ಕೊಳ್ಳೋರಿಗೆ ಮೊದಲನೇ ಲೋಟ ಸರಿಯಾಗಿ ಸಿಕ್ಕಿದ್ರೆ ಅರ್ಧ ಭಯ ಹೋಗುತ್ತೆ ಕಣಮ್ಮ" ಎಂದಿದ್ದರು.

ಅವರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ವರ್ಷ ಅವರಿಗೂ ಆಕ್ಸಿಜನ್ ಯಂತ್ರವೇ ಗತಿಯಾಗಿತ್ತು. ಮೂರು ಮಾತಾಡಿದರೆ ಕೆಮ್ಮು ಒತ್ತಿಕೊಂಡು ಬರುತ್ತಿತ್ತು. ಫೋನ್ ಮಾಡಲಾಗುತ್ತಿರಲಿಲ್ಲ, ಹಾಗಾಗಿ ಪಟ್ಟಿಗೆ ಹೊಸ ಹೆಸರು ಸೇರಿಸುವುದನ್ನೂ ನಿಲ್ಲಿಸಿದರು. ಕಾಯಿಲೆಗಿಂತ ಅದೇ ಅವರನ್ನು ಹೆಚ್ಚು ಕೊರೆಯುತ್ತಿತ್ತೆಂದು ಆಂಟಿ ಹೇಳುತ್ತಿದ್ದರು. ಅವರ ನಂತರ ಹ್ಯೂಸ್ಟನ್‌ನ ಪ್ರಕಾಶ ಆ ಕೆಲಸ ವಹಿಸಿಕೊಂಡ. ಸಾಫ್ಟ್‌ವೇರ್‌ನವನು, ಎರಡು ಮಕ್ಕಳ ತಂದೆ, ದೊಡ್ಡ ಪಿಕಪ್ ಟ್ರಕ್ ಇಟ್ಟುಕೊಂಡಿದ್ದಾನೆ, ಬೆಂಗಳೂರಿನವನು, ನನ್ನನ್ನು ಅಕ್ಕ ಎಂದೇ ಕರೆಯುತ್ತಾನೆ.

ಅಂಕಲ್ ಹೋಗಿ ಎರಡು ವರ್ಷವಾಗಿತ್ತು. ಒಂದು ಸೆಪ್ಟೆಂಬರಿನಲ್ಲಿ ಚಂಡಮಾರುತವೊಂದು ಸಮುದ್ರದಲ್ಲಿ ದಿಕ್ಕು ಬದಲಿಸಿ ನೇರ ಹ್ಯೂಸ್ಟನ್ ಕಡೆ ತಿರುಗಿತು. ಗುರುವಾರ ಪ್ರಕಾಶ ಆಂಟಿಯ ಮನೆಗೆ ಹೋಗಿ ಡೇಟಾಬೇಸನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಡೆಸ್ಕ್‌ಟಾಪನ್ನು ನೀರು ತಾಗದಂತೆ ಮಹಡಿಗೆ ಹೊತ್ತು ಹಾಕಿದ. ಆಂಟಿಯನ್ನು ಡಲ್ಲಾಸ್ ಕಡೆ ಹೊರಟಿದ್ದ ಒಂದು ಸಂಸಾರದ ಕಾರಿನಲ್ಲಿ ನನ್ನ ಮನೆಗೆ ಕಳಿಸಿಕೊಟ್ಟ. ನಾಲ್ಕೂವರೆ ಗಂಟೆಯ ದಾರಿಗೆ ಆ ದಿನ ಹತ್ತು ಗಂಟೆ ಹಿಡಿಯಿತು. ಆಂಟಿ ಸುಸ್ತಾಗಿ ಇಳಿದವರು ಮೊದಲು ಮಾಡಿದ ಕೆಲಸವೆಂದರೆ ಕೈಚೀಲದಿಂದ ಪೆನ್‌ಡ್ರೈವ್ ತೆಗೆದು ನನ್ನ ಅಂಗೈಯಲ್ಲಿಟ್ಟದ್ದು.

"ಅವರದ್ದು ಅಂತ ಉಳಿದಿರೋದು ಇದೊಂದೇ ಕಣೇ. ಇದರಿಂದ ಒಂದು ಜೀವಕ್ಕಾದ್ರೂ ಈ ಸಲ ಉಪಯೋಗ ಆಗ್ಬೇಕು" ಎಂದರು. ಪೆನ್‌ಡ್ರೈವ್‌ನ ಮೂತಿಗೆ ಕುಂಕುಮ ಹಚ್ಚಿತ್ತು. ಪ್ರಯಾಣ ಹೊರಡುವಾಗ ಆಂಟಿಯೇ ಇಟ್ಟದ್ದಂತೆ. ಹತ್ತಿ ತೆಗೆದುಕೊಂಡು ಅದನ್ನು ಒರೆಸುವುದರಿಂದಲೇ ಮರುದಿನ ನನ್ನ ಕೆಲಸ ಶುರುವಾಯಿತು.

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆ. ನನ್ನ ಗಂಡ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದ್ದರು, ಮಗಳು ಆಸ್ಟಿನ್‌ನಲ್ಲಿ ಕಾಲೇಜಿನಲ್ಲಿದ್ದಳು. ಮನೆಯಲ್ಲಿ ನಾನು, ಆಂಟಿ, ಇಬ್ಬರೇ. ಚಂಡಮಾರುತ ಸಂಜೆ ದಡ ಮುಟ್ಟುವುದಿತ್ತು, ನಾಲ್ಕು ಗಂಟೆಯ ಮೇಲೆ ಯಾರೂ ರಸ್ತೆಗಿಳಿಯಬೇಡಿ ಎಂದು ಟೀವಿಯಲ್ಲಿ ಹೇಳುತ್ತಲೇ ಇದ್ದರು. ಪ್ರಕಾಶ ಮತ್ತು ಇನ್ನು ಕೆಲವರು ಟ್ರಕ್ ತೆಗೆದುಕೊಂಡು ತಯಾರಾಗಿದ್ದರು, ಆದರೆ ಅವರ ಕೈಯಲ್ಲಿದ್ದದ್ದು ಹಳೆಯ ಪ್ರಿಂಟ್. ಆಮೇಲೆ ಎಷ್ಟೋ ಜನ ಮನೆ ಬದಲಿಸಿದ್ದರು, ಎಷ್ಟೋ ಹೊಸಬರು ಬಂದಿದ್ದರು. ಮಹಡಿಗೆ ಹೊತ್ತು ಹಾಕಿದ ಡೆಸ್ಕ್‌ಟಾಪ್ ಬಿಟ್ಟರೆ ಸರಿಯಾದ ಪಟ್ಟಿ ಇದ್ದದ್ದು ಈ ಪೆನ್‌ಡ್ರೈವ್‌ನಲ್ಲಿ ಮಾತ್ರ.

ನಾನು ಅದನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ತೆರೆಯಲು ನೋಡಿದೆ. ತೆರೆಯಲಿಲ್ಲ. ಕಂಪ್ಯೂಟರ್ ಸಿಗುತ್ತಿಲ್ಲ ಎಂದಿತು. ಅರೆ, ಕಂಪ್ಯೂಟರಿನೊಳಗೇ ಕೂತು ಕಂಪ್ಯೂಟರ್ ಸಿಗುತ್ತಿಲ್ಲ ಎನ್ನುತ್ತಿದೆಯಲ್ಲ ಎಂದು ಬೈದುಕೊಂಡೆ. ಮೂರು ಸಲ ಹಾಕಿ ತೆಗೆದೆ. ಫೈಲುಗಳೆಲ್ಲ ಸರಿಯಾಗಿವೆ, ಒಂದೂ ಕೆಟ್ಟಿಲ್ಲ, ಆದರೂ ಬಾಗಿಲು ತೆಗೆಯುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಪ್ರಕಾಶನ ಫೋನ್. "ಅಕ್ಕಾ, ಆಯ್ತಾ?" ಇನ್ನೂ ಇಲ್ಲ. "ಅಕ್ಕಾ, ಈಗ?" ಇಲ್ಲ ಕಣೋ, ಫೋನ್ ಇಡು.

ಒಂಬತ್ತೂವರೆಗೆ ಗುಟ್ಟು ಸಿಕ್ಕಿತು. ಹೊಸ ಕೆಲಸವನ್ನೆಲ್ಲ ಗಣಪತಿಯ ಹೆಸರಿನಿಂದ ಶುರು ಮಾಡುವುದು ಅಂಕಲ್ ಅಭ್ಯಾಸ. ಡೆಸ್ಕ್‌ಟಾಪ್ ತಂದ ದಿನ ಅದಕ್ಕೆ ವಿನಾಯಕ ಎಂದು ಹೆಸರಿಟ್ಟಿದ್ದರು, ಪ್ರತಿ ಆಯುಧಪೂಜೆಗೆ ಅದಕ್ಕೆ ಹೂವು ಏರಿಸುತ್ತಿದ್ದರು. ಅವರು ಬರೆದ ಪ್ರೋಗ್ರಾಂ ಮೊದಲು ವಿನಾಯಕ ಎಂಬ ಕಂಪ್ಯೂಟರನ್ನೇ ಹುಡುಕುತ್ತಿತ್ತು. ಆ ಹೆಸರು ಬಿಟ್ಟು ಇನ್ನಾವ ಯಂತ್ರವನ್ನೂ ಅದು ಒಪ್ಪುತ್ತಿರಲಿಲ್ಲ. ವಿಘ್ನ ಬಾರದಿರಲಿ ಎಂದು ಇಟ್ಟ ಹೆಸರೇ ವಿಘ್ನವಾಗಿ ಕೂತಿತ್ತು. ನನಗೆ ಜೋರಾಗಿ ನಗು ಬಂತು. "ಆಂಟೀ, ನನ್ನ ಲ್ಯಾಪ್‌ಟಾಪ್‌ಗೆ ನಾಮಕರಣ ಆಗ್ಬೇಕಂತೆ" ಎಂದು ಕೂಗಿದೆ. ಹೆಸರು ಬದಲಾಯಿಸಿ, ಮತ್ತೆ ಶುರು ಮಾಡಿದೆ. ಈ ಸಲ ಬಾಗಿಲವರೆಗೆ ಬಂತು.

ಬಾಗಿಲಲ್ಲಿ ಮತ್ತೆ ತಡೆ. ಈ ಡೇಟಾಬೇಸ್ ಪೂರ್ತಿ ಅಂಕಲ್ ಲಾಗಿನ್ ಹೆಸರಿನಲ್ಲಿತ್ತು. ಅವರ ಹೆಸರು ಒಳಗಿನ ಪಟ್ಟಿಯಲ್ಲಿದೆ, ಆದರೆ ನನ್ನ ಲ್ಯಾಪ್‌ಟಾಪ್‌ಗೆ ಆ ಹೆಸರಿನವರು ಯಾರೆಂದು ಗೊತ್ತಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸಿದಾಗ ಹೀಗಾಗುವುದು ಮಾಮೂಲು. ಒಳಗೆ ಇದ್ದು ಹೊರಗೆ ಗುರುತಿಲ್ಲದ ಇಂಥ ಹೆಸರನ್ನು ನಮ್ಮ ಕೆಲಸದವರು ಅನಾಥ ಎನ್ನುತ್ತಾರೆ. ತೀರಿಕೊಂಡವರ ಲಾಗಿನ್ ಅಳಿಸಿಹಾಕಬೇಕೆನ್ನುವುದು ನಾನೇ ಆಫೀಸಿನಲ್ಲಿ ಹೊಸಬರಿಗೆ ಹೇಳಿಕೊಡುವ ಪಾಠ. ಆದರೆ ಅಳಿಸಿ, ಎಲ್ಲವನ್ನೂ ನನ್ನ ಹೆಸರಿಗೆ ಬದಲಿಸಿಕೊಳ್ಳಲು ಮಧ್ಯಾಹ್ನವಾಗುತ್ತಿತ್ತು. ಅಷ್ಟು ಪುರುಸೊತ್ತು ಎಲ್ಲಿತ್ತು? ನನ್ನ ಲ್ಯಾಪ್‌ಟಾಪಿನಲ್ಲಿ ಅಂಕಲ್ ಹೆಸರಿಗೆ ಹೊಸ ಲಾಗಿನ್ ಸೃಷ್ಟಿಸಿದೆ. ಕೈಗೆ ಬಂದ ಅಕ್ಷರಗಳನ್ನೆಲ್ಲ ಒತ್ತಿ ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಒಳಗಿನ ಹೆಸರಿಗೂ ಹೊರಗಿನ ಹೆಸರಿಗೂ ಗಂಟು ಹಾಕಿದೆ.

ತೆರೆಯಿತು! ಹನ್ನೊಂದು ಹತ್ತಕ್ಕೆ ಪರದೆಯ ಮೇಲೆ ಸಾಲುಸಾಲಾಗಿ ಮನೆಗಳು. ನಾನು ಕುರ್ಚಿಯಿಂದ ಎದ್ದು ಕುಣಿದೆ, ಸುಳ್ಳಲ್ಲ. ಆಂಟಿ ಸೌಟು ಹಿಡಿದುಕೊಂಡೇ ಓಡಿ ಬಂದರು. ನನ್ನ ಹೆಸರಿನಲ್ಲಿ ಒಳಗೆ ಹೋಗಿ ಪ್ರಕಾಶನಿಗೆ ಫೋನ್ ಹಚ್ಚಿದೆ. ಅವನು ಹ್ಯೂಸ್ಟನ್‌ನ ವಾಯವ್ಯಕ್ಕಿರುವ ಸೈಪ್ರೆಸ್ ಕಡೆ ಆಗಲೇ ಹೊರಟಿದ್ದ. ಸೈಪ್ರೆಸ್‌ನ ಮನೆಗಳನ್ನು ತೆಗೆದು ಒಂದೊಂದಾಗಿ ಗಟ್ಟಿಯಾಗಿ ಓದಿದೆ, ಅವನು ಗಾಡಿ ಪಕ್ಕಕ್ಕೆ ನಿಲ್ಲಿಸಿ ಬರೆದುಕೊಂಡ. ಏಳು ಮನೆ. ಏಳು ತಾನೇ ಎಂದು ಅವನು ಕೇಳಿದ, ಏಳೇ ಎಂದು ನಾನು ಮತ್ತೊಮ್ಮೆ ಬೆರಳಿಟ್ಟು ಎಣಿಸಿ ಹೇಳಿದೆ. ಪೂರ್ತಿ ಪಟ್ಟಿಯನ್ನು ಸ್ವಲ್ಪ ಹೊತ್ತಿನಲ್ಲಿ ಎಲ್ಲರಿಗೂ ಇಮೇಲ್ ಮಾಡುತ್ತೇನೆಂದು ಫೋನ್ ಇಟ್ಟೆ.

ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆಂಟಿ ಉಪ್ಪಿಟ್ಟು ಮಾಡಿ, ತಿಂದ ಹೊರತು ಬಿಡುವುದಿಲ್ಲ ಎಂದರು. ಕುರ್ಚಿಯಿಂದ ಏಳುವಾಗ ಲ್ಯಾಪ್‌ಟಾಪ್ ಲಾಕ್ ಮಾಡಿ ಎದ್ದೆ. ಅದು ಯೋಚಿಸದೆಯೇ ಆಗುವ ಅಭ್ಯಾಸ, ಇಪ್ಪತ್ತು ವರ್ಷದ್ದು. ಇಬ್ಬರೂ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ತಿಂದೆವು. ಆಂಟಿ ನನ್ನ ಕಣ್ಣೆದುರಿಗೇ ಇದ್ದರು, ನಾನು ಅವರ ಕಣ್ಣೆದುರಿಗೆ. ಹನ್ನೊಂದು ನಲವತ್ತಕ್ಕೆ ವಾಪಸ್ ಬಂದು, ಊರಿನ ಪ್ರಕಾರ ಪಟ್ಟಿ ತೆಗೆದು, ಓದದೆಯೇ ಎಲ್ಲರಿಗೂ ಕಳಿಸಿದೆ.

ಐದು ನಿಮಿಷದಲ್ಲಿ ಪ್ರಕಾಶನ ಫೋನ್. "ಅಕ್ಕಾ, ಏಳು ಅಂದ್ರಲ್ಲ, ಇಲ್ಲಿ ಸೈಪ್ರೆಸ್‌ನಲ್ಲಿ ಎಂಟಿದೆ."

"ಏಳೇ ಇರೋದು. ಕನ್ನಡಕ ಹಾಕ್ಕೊಂಡು ನೋಡು" ಎಂದೆ.

"ಕೊನೇದು ಶಾಂತವ್ವ ಅಂತಿದೆ. ಆಕ್ಸಿಜನ್ ಮಶೀನ್ ಬೇಕು ಅಂತಿದೆ. ಇವರು ಯಾರು? ನಾನಂತೂ ಸೇರಿಸಿಲ್ಲ."

ನಾನು ನನ್ನ ಪರದೆ ನೋಡಿದೆ. ಎಂಟನೆಯ ಸಾಲು ಅಲ್ಲಿತ್ತು. ಶಾಂತವ್ವ, ಸೈಪ್ರೆಸ್‌ನ ಒಂದು ಹೊಸ ಬಡಾವಣೆಯ ವಿಳಾಸ. ಷರಾ ಕಾಲಮ್ಮಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ: "ಹಿಂದಿನ ಬಾಗಿಲಿನಿಂದ ಹೋಗಿ, ಮುಂದಿನ ಬೆಲ್ ಕೇಳಿಸಲ್ಲ. ಒಬ್ಬರೇ ಇದ್ದಾರೆ. ಟೀ, ಒಂದೂವರೆ ಚಮಚ." ನಾನು ಎಣಿಸುವಾಗ ಕಣ್ತಪ್ಪಿತೆಂದು ನನಗೆ ನಾನೇ ಹೇಳಿಕೊಂಡೆ. ಹಾಗೆಂದುಕೊಳ್ಳುವುದು ಆಗ ಸುಲಭವಾಗಿತ್ತು.

"ಫೋನ್ ಮಾಡ್ದೆ, ರಿಂಗೇ ಆಗ್ತಿಲ್ಲ. ಮೊದ್ಲು ಏಳು ಮುಗಿಸ್ಲಾ?" ಎಂದು ಪ್ರಕಾಶ ಕೇಳಿದ. ಹಳೆಯ ನಾನಾಗಿದ್ದರೆ, ಯಾರು ಸೇರಿಸಿದ್ದೋ ಏನೋ, ಖಚಿತವಿರುವ ಏಳನ್ನು ಮುಗಿಸು ಎನ್ನುತ್ತಿದ್ದೆ. ಬಾಯಿಗೆ ಬಂದದ್ದು ಬೇರೆ. "ಮೊದಲು ಅಲ್ಲಿಗೇ ಹೋಗು. ಈಗಲೇ" ಎಂದೆ. ನಾನು ಯಾಕೆ ಹಾಗೆ ಹೇಳಿದೆನೋ ಇವತ್ತಿಗೂ ಹೇಳಲಾರೆ.

ಆಮೇಲಿನ ಅರ್ಧ ಗಂಟೆ ನಾನು ಕೂತಲ್ಲಿ ಕೂರಲಿಲ್ಲ. ಉಳಿದ ಊರುಗಳ ಫೋನು ಬರುತ್ತಿತ್ತು, ಉತ್ತರ ಕೊಡುತ್ತಿದ್ದೆ, ಆಸ್ಟಿನ್‌ನಲ್ಲಿ ಯಾವ ಮನೆಗೆ ಯಾರು ಎಂದು ಹೊಂದಿಸುತ್ತಿದ್ದೆ, ಆದರೆ ಕಿವಿಯೆಲ್ಲ ಪ್ರಕಾಶನ ಕರೆಗೆ. ಕೊನೆಗೆ ಅವನ ಫೋನ್ ಬಂತು. ಏದುಸಿರು. ಹಿಂದೆ ಗಾಳಿಯ ಶಬ್ದ. ಆ ರಸ್ತೆಯಲ್ಲಿ ಕರೆಂಟ್ ಹೋಗಿತ್ತಂತೆ. ಬೆಲ್ ಒತ್ತಿದರೆ ಸದ್ದೇ ಇಲ್ಲ. ಬೇಲಿಯ ಗೇಟು ತೆಗೆದು ಹಿಂದಕ್ಕೆ ಹೋದರೆ, ಗಾಜಿನ ಬಾಗಿಲ ಒಳಗೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಸೋಫಾದ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಪಕ್ಕದಲ್ಲಿ ಆಕ್ಸಿಜನ್ ಯಂತ್ರ ಸತ್ತು ಬಿದ್ದಿತ್ತು, ತುಟಿ ನೀಲಿ ತಿರುಗುತ್ತಿತ್ತು. ಕಾಲ ಬಳಿ ತುರ್ತಿಗೆಂದು ಇಟ್ಟ ಸಿಲಿಂಡರ್ ಇದ್ದೇ ಇತ್ತು, ಅದರ ಕಿವಿ ತಿರುಗಿಸುವ ಶಕ್ತಿ ಅವರ ಬೆರಳಿಗಿರಲಿಲ್ಲ.

ಅವನು ಒಳನುಗ್ಗಿದಾಗ ಅವರು ಸನ್ನೆ ಮಾಡಿ, ಒಂದೊಂದೇ ಮಾತು ಜೋಡಿಸಿ, "ಎಡಕ್ಕ... ತಿರುವ್ರಿ... ನನ್ನ ಕೈಲೆ ಆಗವಲ್ದು" ಎಂದರಂತೆ. ತಿರುಗಿಸಿದ. ನಳಿಕೆಯನ್ನು ಮೂಗಿಗೆ ಸಿಕ್ಕಿಸಿದ. ತುರ್ತು ಸೇವೆಗೆ ಫೋನ್ ಮಾಡಿದ. ಆಂಬ್ಯುಲೆನ್ಸ್‌ಗಳು ಇನ್ನೂ ಓಡಾಡುತ್ತಿದ್ದವು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಬಂದವರು ಹೇಳಿದರಂತೆ. ಪ್ರಕಾಶ ಇದನ್ನೆಲ್ಲ ಹೇಳುತ್ತ ಅತ್ತುಬಿಟ್ಟ. ನಾನೂ ಅತ್ತೆ. ಉಳಿದ ಏಳು ಮನೆಯವರನ್ನೂ ಅವನು ನಾಲ್ಕು ಗಂಟೆಯೊಳಗೆ ಹೊರಡಿಸಿದ. ಆ ದಿನ ನಮ್ಮ ಪಟ್ಟಿಯ ಒಬ್ಬರಿಗೂ ಏನೂ ಆಗಲಿಲ್ಲ.

ಶಾಂತವ್ವ ಧಾರವಾಡದವರು. ಮಗಳ ಮನೆಗೆ ಬಂದು ಮೂರು ವಾರವಷ್ಟೇ ಆಗಿತ್ತು. ಮಗಳು ವಿದ್ಯಾ ಡಾಕ್ಟರ್. ಚಂಡಮಾರುತ ಮುಗಿಯುವವರೆಗೆ ಆಸ್ಪತ್ರೆಯಲ್ಲೇ ಉಳಿಯುವ ಪಾಳಿ ಅವಳಿಗೆ ಬಂದಿತ್ತು. ತಾಯಿಯ ಜೊತೆಗಿರಲು ಗುರುವಾರವೇ ಬರಬೇಕಿದ್ದ ಅಳಿಯನ ವಿಮಾನ ರದ್ದಾಗಿ ಅವನು ಬೇರೆಲ್ಲೋ ಸಿಕ್ಕಿಹಾಕಿಕೊಂಡಿದ್ದ. ಅವರ ಮನೆಯವರು ಯಾರೂ ನಮ್ಮ ಪಟ್ಟಿಯ ಬಗ್ಗೆ ಕೇಳಿಯೇ ಇರಲಿಲ್ಲ. ಇದನ್ನು ವಿದ್ಯಾ ಮರುವಾರ ಫೋನಿನಲ್ಲಿ ಹೇಳಿದಾಗ, ಹಾಗಾದರೆ ತಾಯಿಯ ಹೆಸರು ಕೊಟ್ಟವರು ಯಾರು ಎಂದು ಕೇಳಿದೆ. ಆಮೇಲೆ ಅವಳು ಫೋನನ್ನು ತಾಯಿಗೆ ಕೊಟ್ಟಳು.

"ಅಲ್ಲವ್ವಾ, ನೀವಽ ಫೋನ್ ಮಾಡ್ಸಿದ್ರಲ್ಲ!" ಎಂದರು ಶಾಂತವ್ವ. "ಅವತ್ತ ಒಬ್ಬರು ಹಿರ್ಯಾರು ಮನಿ ಫೋನಿಗೆ ಮಾಡಿದ್ರು. ಮೈಸೂರು ಕಡೆ ಮಾತು. ಮನ್ಯಾಗ ಯಾರದಾರ, ಮಶೀನ್ ಯಾವಾಗ ಬೇಕು, ಬಾಗಲಾ ಯಾವ ಕಡೆ, ಎಲ್ಲಾ ಕೇಳಿದ್ರು. ಕಡೀಕ ಚಹಾನೋ ಕಾಫಿನೋ, ಸಕ್ರಿ ಎಷ್ಟು ಅಂದ್ರು. ನಗಿ ಬಂತ್ ನೋಡ್ರಿ ನನಗ. ಅವರು ಫೋನ್ ಇಟ್ರು, ಕರೆಂಟ್ ಹೋತು."

ಇನ್ನು ನನ್ನ ಪೊಲೀಸ್ ಬುದ್ಧಿ ಸುಮ್ಮನಿರುತ್ತದೆಯೇ? ಎರಡು ವಾರ ತನಿಖೆ ಮಾಡಿದೆ. ಪೆನ್‌ಡ್ರೈವ್‌ನ ಮೂಲ ಕಾಪಿಯನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆರೆದೆ. ಸೈಪ್ರೆಸ್‌ನಲ್ಲಿ ಏಳೇ ಮನೆ. ಪ್ರಕಾಶ ಮಹಡಿಯಿಂದ ಹಳೆಯ ಡೆಸ್ಕ್‌ಟಾಪ್ ಇಳಿಸಿ ನೋಡಿದ. ಅದರಲ್ಲೂ ಏಳೇ. ಎಂಟನೆಯದು ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಯಾರು ಸೇರಿಸಿದರು, ಎಷ್ಟು ಗಂಟೆಗೆ ಎಂದು ಡೇಟಾಬೇಸನ್ನೇ ಕೇಳಿದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದು ಮೂವತ್ತೆರಡಕ್ಕೆ, ಮೂರ್ತಿ ಎಂದಿತು. ಆ ಹೊತ್ತಿಗೆ ನಾನು ಉಪ್ಪಿಟ್ಟು ತಿನ್ನುತ್ತಿದ್ದೆ. ಮೂರ್ತಿ ಎಂಬ ಹೆಸರಿನಲ್ಲಿ ಒಳಗೆ ಹೋಗಲು ಬೇಕಾದ ಪಾಸ್‌ವರ್ಡನ್ನು ನಾನು ಕಣ್ಣುಮುಚ್ಚಿ ಒತ್ತಿದ್ದೆ, ಅದು ನನಗೇ ನೆನಪಿರಲಿಲ್ಲ.

ನನ್ನ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಯಾರಾದರೂ ನುಗ್ಗಿದರೇ ಎಂದು ಎಲ್ಲ ದಾಖಲೆ ಜಾಲಾಡಿದೆ. ಆಫೀಸಿನಲ್ಲಿ ನನಗಿಂತ ಬುದ್ಧಿವಂತನಾದ ಸಹೋದ್ಯೋಗಿಯೊಬ್ಬನಿಗೆ, ಇದ್ದದ್ದನ್ನು ಹೇಳದೆ, ಬರೀ ತಾಂತ್ರಿಕ ಒಗಟಿನ ಹಾಗೆ ಮುಂದಿಟ್ಟೆ. ಅವನು ಮೂರು ದಿನ ತಲೆ ಕೆರೆದುಕೊಂಡು, ನೀನೇ ಟೈಪ್ ಮಾಡಿ ಮರೆತಿದ್ದೀಯ ಎಂದ. ಅದನ್ನೂ ಯೋಚಿಸಿದೆ. ಒತ್ತಡದಲ್ಲಿ ಮನುಷ್ಯರು ಏನೇನೋ ಮಾಡುತ್ತಾರೆ. ಆದರೆ ನಾನು ಕೇಳದೇ ಇದ್ದ ಹೆಸರನ್ನು, ನೋಡದೇ ಇದ್ದ ಮನೆಯ ಹಿಂಬಾಗಿಲನ್ನು, ಒಂದೂವರೆ ಚಮಚವನ್ನು ಎಲ್ಲಿಂದ ತಂದು ಟೈಪ್ ಮಾಡಲಿ? ಇನ್ಯಾವುದೋ ಗುಂಪಿನ ಹಿರಿಯರೊಬ್ಬರು ಶಾಂತವ್ವನಿಗೆ ಫೋನ್ ಮಾಡಿರಬಹುದು ಎಂದು ಹತ್ತಾರು ಜನರನ್ನು ವಿಚಾರಿಸಿದೆ. ಯಾರೂ ಮಾಡಿರಲಿಲ್ಲ, ಅಥವಾ ಮಾಡಿದವರು ನನಗೆ ಸಿಗಲಿಲ್ಲ.

ಇಷ್ಟು ದಿನವೂ ನಾಗರತ್ನ ಆಂಟಿಗೆ ನಾನು ಇದೇನನ್ನೂ ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಪಟ್ಟಿಯಿಂದ ಒಂದು ಜೀವ ಉಳಿಯಿತೆಂದು ಮಾತ್ರ. ಉಳಿದದ್ದನ್ನು ಹೇಳಿದರೆ ಅವರ ದುಃಖ ಕೆದಕಿದಂತಾಗುತ್ತದೆಂದು ಹೆದರಿದ್ದೆ. ಹ್ಯೂಸ್ಟನ್‌ನಲ್ಲಿ ನೀರೆಲ್ಲ ಇಳಿದ ಮೇಲೆ ಅವರನ್ನು ಮನೆಗೆ ಬಿಡಲು ಹೋದವಳು, ಅಲ್ಲಿ ಡೆಸ್ಕ್‌ಟಾಪನ್ನು ಅದರ ಜಾಗಕ್ಕೆ ವಾಪಸ್ ಇಡುವಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಏಳು ಮನೆ, ಎಂಟನೆಯ ಮನೆ, ಹನ್ನೊಂದು ಮೂವತ್ತೆರಡು, ಟೀ, ಒಂದೂವರೆ ಚಮಚ. ಆಂಟಿ ಬೆಚ್ಚಿಬೀಳಲಿಲ್ಲ. ಬಟ್ಟೆಯಿಂದ ಡೆಸ್ಕ್‌ಟಾಪಿನ ಧೂಳು ಒರೆಸುತ್ತಿದ್ದ ಕೈ ಮಾತ್ರ ನಿಂತಿತು.

"ಆಕೆಗೆ ಫೋನ್ ಹಚ್ಚು" ಎಂದರು. "ಒಂದೇ ಒಂದು ಮಾತು ಕೇಳ್ಬೇಕು."

ಹಚ್ಚಿ, ಸ್ಪೀಕರ್ ಹಾಕಿದೆ. ಶಾಂತವ್ವನ ಯೋಗಕ್ಷೇಮ ಕೇಳಿದ ಮೇಲೆ ಆಂಟಿ ಕೇಳಿದರು: "ಅವತ್ತು ಫೋನ್ ಮಾಡಿದ್ರಲ್ಲ, ಅವರ ದನಿ ಹೇಗಿತ್ತು? ಮಾತಾಡ್ತಾ ಕೆಮ್ಮು ಬರ್ತಿತ್ತಾ?"

"ಇಲ್ಲವ್ವಾ, ಕೆಮ್ಮಿಲ್ಲ ಏನಿಲ್ಲ" ಎಂದರು ಶಾಂತವ್ವ. "ನನಗಽ ದಮ್ಮು, ಅವರಿಗೇನ್ರಿ! ಒಂದಽ ಉಸಿರಿನಾಗ ಅಷ್ಟೂ ಕೇಳಿದ್ರು. ಭಾಳ ಸ್ವಚ್ಛ ದನಿ."

ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಫೋನ್ ಇಟ್ಟ ಮೇಲೆ, ಕಾಫಿ ಮಾಡುತ್ತೇನೆಂದು ಒಳಗೆ ಹೋದರು. ಒಳಗಿನಿಂದಲೇ, "ಒಂದೇ ಉಸಿರಲ್ಲಂತೆ ಕಣೇ" ಎಂದು ಮತ್ತೊಮ್ಮೆ ಹೇಳಿದರು.

ನಾನು ಈಗಲೂ ಇಂಥದ್ದನ್ನು ನಂಬುವವಳಲ್ಲ. ನಡೆದದ್ದಕ್ಕೆ ಏನೋ ಒಂದು ಕಾರಣ ಇದ್ದೇ ಇರಬೇಕೆಂದು ಇವತ್ತಿಗೂ ವಾದ ಮಾಡುತ್ತೇನೆ. ಆಮೇಲೆ ಆ ಡೇಟಾಬೇಸನ್ನು ಇನ್ನೆರಡು ಸಲ ಹೊಸ ಕಂಪ್ಯೂಟರಿಗೆ ಸಾಗಿಸಿದ್ದೇನೆ. ಎಲ್ಲವನ್ನೂ ನನ್ನ ಹೆಸರಿಗೆ ಬದಲಿಸಿಕೊಳ್ಳಲು ಎರಡು ಸಲವೂ ಬೇಕಾದಷ್ಟು ಪುರುಸೊತ್ತಿತ್ತು. ಬದಲಿಸಲಿಲ್ಲ. ಕಂಪ್ಯೂಟರಿಗೆ ವಿನಾಯಕ ಎಂದು ಹೆಸರಿಟ್ಟು, ಉಳಿದವರ ಲಾಗಿನ್‌ಗಿಂತ ಮುಂಚೆ ಮೂರ್ತಿ ಅಂಕಲ್ ಲಾಗಿನ್ ಕಟ್ಟಿ, ಒಂದು ಲೋಟ ಕಾಫಿ ಕುಡಿದು ಬರಲು ಎದ್ದು ಹೋಗುತ್ತೇನೆ. ವಾಪಸ್ ಬಂದು ಎಣಿಸುತ್ತೇನೆ. ಎರಡು ಸಲವೂ ಎಷ್ಟು ಮನೆ ಇರಬೇಕಿತ್ತೋ ಅಷ್ಟೇ ಇದ್ದವು.